ಸಾರ್ಜೆಂಟನ ಉದ್ಯಾನಚಿತ್ರಗಳಲ್ಲಿ ಜಲನಿರೂಪಣೆ

ಅಮೆರಿಕದ ದಂಪತಿಗಳಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಜನಿಸಿದ ಜಾನ್ ಸಿಂಗರ್ ಸಾರ್ಜೆಂಟನು (1856–1925) ಶ್ರೀಮಂತರ ಭಾವಚಿತ್ರಗಳಿಂದ ಪ್ರಖ್ಯಾತನಾದವನು. ಇಟಲಿ, ಸ್ಪೇನ್ ದೇಶಗಳ ಪ್ರಾಚೀನೋದ್ಯಾನಗಳನ್ನೂ ಕಾರಂಜಿಗಳನ್ನೂ ಅವನು ಜಲವರ್ಣಗಳಲ್ಲಿ ಬರೆದಿರುವನು. ಬ್ರೂಕ್ಲಿನ್ ವಸ್ತುಸಂಗ್ರಹಾಲಯವು 1909ರಲ್ಲಿ ಅವನ 83 ಜಲವರ್ಣಚಿತ್ರಗಳನ್ನು ಒಟ್ಟಿಗೆ ಕೊಂಡಿತು. ಆದರೂ 1926ರಲ್ಲಿ ಆಂಗ್ಲ ವಿಮರ್ಶಕನಾದ ರಾಜರ್ ಫ್ರೈಯು, ಸಾರ್ಜೆಂಟನ ಕೃತಿಗಳಲ್ಲಿ ಹಸ್ತಕೌಶಲವುಂಟೇ ಹೊರತು ಶುದ್ಧವಾದ ಕಲಾದೃಷ್ಟಿಯಿಲ್ಲವೆಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. ಈ ಪೂರ್ವಪಕ್ಷವು ಉದ್ಯಾನಚಿತ್ರಗಳಿಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಅಲೆ, ಜ್ವಾಲೆ, ಹೊಗೆ ಮುಂತಾದುವನ್ನು ವಾಯುಗತಿಗನುಗುಣವಾಗಿ ಬರೆಯಬಲ್ಲವನನ್ನೇ ಚಿತ್ರವಿದನೆಂದು ಗಣಿಸುವುದು. ಚಲಿಸುವ ವಸ್ತುವಿಗೆ ನಿಯತಾಕಾರವಿಲ್ಲವಾದುದರಿಂದ ಅದೇ ಚಿತ್ರಕಾರನ ನಿಜವಾದ ಪರೀಕ್ಷೆ. ಲುಕ್ಕಾ ನಗರದ ಸಮೀಪದ ಮಾರ್ಲಿಯಾ ಉದ್ಯಾನದಲ್ಲಿ ನಿಂಬೆಗಿಡಗಳ ಕುಂಡಗಳು, ಕಲ್ಲಿನ ಕಟಾಂಜನ, ಆರ್ನೊ ಮತ್ತು ಸೆರ್ಕಿಯೊ ಎಂಬ ನದಿಗಳ ಪುರುಷರೂಪದ ವಿಗ್ರಹಗಳು ಇವೆ. 1910ರಲ್ಲಿ ಸಾರ್ಜೆಂಟನು ಇಲ್ಲಿ ಬರೆದ ಚಿತ್ರಗಳು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿವೆ. ಇಂತಹ ಚಿತ್ರಗಳಲ್ಲಿ ಅವನು ಮೊದಲು ಸೀಸದಕಡ್ಡಿಯಿಂದ ರೇಖೆಗಳನ್ನು ಗುರುತಿಸಿ, ನೆರಳುಗಳಿಗೆ ತೆಳುವಾದ ನೀಲಲೋಹಿತಾದಿ ವರ್ಣಗಳನ್ನು ಹರಿಯಬಿಡುವನು. ಕೆಲವೆಡೆ ದಟ್ಟವಾದ ಬಿಳಿಬಣ್ಣವನ್ನು ಬಳಸುವನಾದರೂ, ಬಹುಕಡೆ ಹೊಳಪಿರಬೇಕಾದಲ್ಲಿ ಕಾಗದವನ್ನೇ ಬಿಡುವನು. ಬಣ್ಣವು ತಾಗದಂತೆ ಒಮ್ಮೊಮ್ಮೆ ಮೇಣವನ್ನೂ ತಿಕ್ಕುವನು.

ಬರಿಯ ಬಿಳುಪು ಸ್ವತಃ ನೀರಲ್ಲ. ಸುತ್ತಲಿನ ನೆರಳಿನ ಬಲದಿಂದಲೇ ಅದು ನೀರೆಂದು ತೋರುವುದು. ವಾಚ್ಯವಾದುದು ಕಲ್ಲು, ವ್ಯಂಗ್ಯವಾದುದು ಜಲ. ಆನಂದವರ್ಧನನ ಧ್ವನಿಮಾರ್ಗವು ಇಲ್ಲಿ ಕುಂಚದಲ್ಲಿ ಸಿದ್ಧಿಸಿದೆ. ಜಲವರ್ಣದಲ್ಲಿ ಒಮ್ಮೆ ಮುಚ್ಚಿದ ಬಿಳುಪನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಆದುದರಿಂದ ಎಲ್ಲಿ ಬರೆಯಬಾರದೆಂಬ ನಿಶ್ಚಯವು ಕೈಗಿಂತ ಮುಂಚೆ ಬುದ್ಧಿಯಲ್ಲಿರಬೇಕು. ಇದನ್ನು ಕೇವಲ ಹಸ್ತಕೌಶಲವೆನ್ನುವುದು ಯುಕ್ತವಲ್ಲ.

ಆದರೆ ಒಂದು ನ್ಯೂನತೆಯುಂಟು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ, ಬಾಬರನು ಬಾಗ್-ಎ-ವಫಾ ಎಂಬ ಉದ್ಯಾನವನ್ನು ಮಾಡಿಸುತ್ತಿರುವ ಚಿತ್ರವಿದೆ. 1590ರ ಸುಮಾರಿಗೆ ಬಿಷನದಾಸಾದಿಗಳು ಅಪಾರದರ್ಶಕ ಜಲವರ್ಣಗಳಿಂದ ಇದನ್ನು ಬರೆದರು. ಅಲ್ಲಿ ಅಳತೆಯ ದಾರವನ್ನು ಹಿಡಿದ ಕೆಲಸಗಾರರನ್ನೂ ನಕ್ಷೆಯನ್ನು ಹಿಡಿದ ಶಿಲ್ಪಿಯನ್ನೂ ಭೂಮಿಯನ್ನು ನಾಲ್ಕಾಗಿ ವಿಭಾಗಿಸುವ ಕಾಲುವೆಗಳನ್ನೂ ಕಾಣಬಹುದು. ಆ ನೀರಿಗೆ ಮಿನುಗು ಅಲ್ಪ, ಮಾರ್ಗವು ಸ್ಪಷ್ಟ. ಸಾರ್ಜೆಂಟನ ನೀರಿಗೆ ಮಿನುಗುಂಟು. ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬುದು ತಿಳಿಯದು. ಮಾನಪ್ರಧಾನವಾದ ಉದ್ಯಾನದ ಒಂದು ಮೂಲೆಯ ಬೆಳಕನ್ನು ಅವನು ಅನುಪಮವಾಗಿ ಹಿಡಿದನು. ಆ ಮಾನವನ್ನು ಮಾತ್ರ ಹಿಡಿಯಲಿಲ್ಲ. ಫ್ರೈಯ ಆಕ್ಷೇಪವು ಕಲಾದೃಷ್ಟಿಯ ಅಭಾವವನ್ನು ಹೇಳಿತು. ಇಲ್ಲಿ ಸಿದ್ಧವಾಗುವುದು ಆ ದೃಷ್ಟಿಯ ಮಿತಿಯಷ್ಟೆ.