ಮುಡಿ, ಜುಟ್ಟು, ಕ್ರಾಪು

ಗಂಡಸಿನ ತಲೆಗೂದಲನ್ನು ನೋಡಿ ಅವನ ಗುಣವನ್ನು ಹೇಳಬಹುದೆಂಬ ನಂಬಿಕೆ ಬಹು ಹಳೆಯದು. ಕಥೆ ಕಾದಂಬರಿಗಳ ವಿಚಾರದಲ್ಲಿಯೂ ಈ ನಂಬಿಕೆ ನುಸುಳಿ ಬರುವುದುಂಟು. ಜುಟ್ಟಿನವನು ಹಳಬ, ಕ್ರಾಪಿನವನು ಸುಧಾರಕ, ಜಡೆಯವನು ವಿರಾಗಿ ಎಂದು ಪಾತ್ರಗಳನ್ನು ಒಂದೇ ನೋಟದಲ್ಲಿ ವಿಂಗಡಿಸುವುದು ಸುಲಭವೂ ಹೌದು, ಪಾಠಕ್ಕೆ ಅನುಕೂಲವೂ ಹೌದು. ಆದರೆ ಅದು ಸಾಧುವೇ ಎಂಬುದನ್ನು ಕನ್ನಡದ ಶಬ್ದಗಳನ್ನೂ ಕಾವ್ಯಗಳನ್ನೂ ಮುಂದಿಟ್ಟುಕೊಂಡು ಪರಿಶೀಲಿಸಬೇಕಾಗಿದೆ.

ಮೊದಲು ಶಬ್ದಗಳ ವಿಚಾರ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯು ಕನ್ನಡ ತೆಲುಗುಗಳೆರಡೂ ಕಿವಿಗೆ ಬೀಳುವ ಸೀಮೆಯ ಗ್ರಾಮ. 1953ನೆಯ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಈ ಸೀಮೆಯು ಮದರಾಸಿನ ಆಡಳಿತದಲ್ಲಿತ್ತು. ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಗ ಆಂಧ್ರದ ಪಾಲಾದುವು. ಇಂತಹ ಗಡಿಸೀಮೆಯಲ್ಲಿ ‘ಜುಟ್ಟು’ ಎಂಬ ಮಾತು ವಿಚಾರಾರ್ಹವಾಗಿದೆ. ತೆಲುಗಿನಲ್ಲಿ ಜುಟ್ಟೆಂದರೆ ತಲೆಗೂದಲೆಲ್ಲವೂ ಆಗುವುದು. ಕನ್ನಡದಲ್ಲಿಯಾದರೋ ನೆತ್ತಿಯ ಮೇಲೆ ಉಳಿಸಿಕೊಂಡು ಗಂಟಿಕ್ಕಿದ ಭಾಗ ಮಾತ್ರ. ತೆಲುಗಿನಲ್ಲಿ ಸಹಜವಾಗಿ ಬೆಳೆದುದರ ಹೆಸರು, ಕನ್ನಡದಲ್ಲಿ ಒಂದು ಆಚಾರದ ಹೆಸರು. ಇಂಗ್ಲಿಷಿನಿಂದ ಬಂದ ‘ಕ್ರಾಪು’ ಮಾತ್ರ ಎರಡು ಭಾಷೆಗಳಲ್ಲಿಯೂ ಒಂದೇ ಅರ್ಥದಲ್ಲಿ ನಿಂತಿತು.

‘ಮುಡಿ’ ಎಂಬುದು ಇನ್ನೂ ಹಳೆಯ ಮಾತು. ಅದರ ಧಾತ್ವರ್ಥವು ಕಟ್ಟು, ಗಂಟಿಕ್ಕು ಎಂಬುದು. ತುಳುನಾಡಿನಲ್ಲಿ ಹುಲ್ಲಿನಿಂದ ಬಿಗಿದ ಅಕ್ಕಿಯ ಮೂಟೆಯೂ ಮುಡಿಯೇ. ದೇವರಿಗೆಂದು ಹರಕೆ ಹೊತ್ತು ಕಟ್ಟಿಟ್ಟ ಹಣವು ‘ಮುಡಿಪು’. ಹೀಗೆ ನಮ್ಮ ನುಡಿಯು ಕೂದಲಿನ ಬಣ್ಣಕ್ಕಿಂತಲೂ ಬೆಡಗಿಗಿಂತಲೂ ಮೊದಲು ಅದರ ಕಟ್ಟನ್ನು ಕಂಡಿದೆ. ಕೇಶರಚನೆಯನ್ನು ಕುರಿತು ಕೇಳತಕ್ಕ ಮೊದಲ ಪ್ರಶ್ನೆಯೂ ಇದೇ ಆಗಿರಬೇಕು: ಈತನು ಎಂತಹವನು ಎಂದಲ್ಲ, ಯಾವುದಕ್ಕೆ ಕಟ್ಟುಬಿದ್ದವನು ಎಂದು.

ಈ ಮಾತಿಗೆ ಚಾಣಕ್ಯನ ಶಿಖೆಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ವಿಶಾಖದತ್ತನ ‘ಮುದ್ರಾರಾಕ್ಷಸ’ದಿಂದ ಪ್ರಸಿದ್ಧವಾದ ಅವನ ಕಥೆಯನ್ನು ಕೆಂಪುನಾರಾಯಣನು ‘ಮುದ್ರಾಮಂಜೂಷ’ದಲ್ಲಿ (1823) ಕನ್ನಡ ಗದ್ಯಕ್ಕೆ ತಂದನು. ನಂದರಿಂದ ಅಪಮಾನಿತನಾದ ಚಾಣಕ್ಯನು ಶಿಖೆಯನ್ನು ಬಿಚ್ಚಿ, ನಂದವಂಶವು ಅಳಿಯುವವರೆಗೆ ಅದನ್ನು ಕಟ್ಟೆನೆಂದು ಪಣತೊಡುತ್ತಾನೆ. ಅಲ್ಲಿ ಬಿಚ್ಚಿದ ಕೂದಲು ಅವನ ಅಲಕ್ಷ್ಯದ ಗುರುತಲ್ಲ, ತೀರದ ಋಣದ ಪತ್ರ. ರನ್ನನ ‘ಗದಾಯುದ್ಧ’ದಲ್ಲಿ ದ್ರೌಪದಿಯ ಮುಡಿಗೂ ಇದೇ ನ್ಯಾಯ. ಇಬ್ಬರ ಕೂದಲೂ ಒಂದು ಪ್ರತಿಜ್ಞೆಯ ಲೆಕ್ಕವನ್ನು ಹಿಡಿದಿದೆ. ಅದನ್ನು ಕೇವಲ ಕೋಪಸ್ವಭಾವದ ಚಿಹ್ನೆಯೆಂದು ಓದಿದರೆ ಕಥೆಯ ಬಿಗಿಯೇ ಸಡಿಲುವುದು.

ಜೈನ ಸಂಪ್ರದಾಯದಲ್ಲಿ ಇದರ ಮರುಮುಖ ಕಾಣುತ್ತದೆ. ಪಂಪನ ‘ಆದಿಪುರಾಣ’ದ (941) ನಾಯಕನಾದ ಆದಿನಾಥನು ರಾಜ್ಯವನ್ನು ಬಿಟ್ಟು ದೀಕ್ಷೆ ವಹಿಸುವಾಗ ತನ್ನ ಕೈಯಿಂದಲೇ ಕೂದಲನ್ನು ಕೀಳುತ್ತಾನೆ. ಕ್ಷೌರಿಕನ ಕೈಯೂ ಕತ್ತಿಯ ನೆರವೂ ಬೇಡವೆನ್ನುವ ಈ ಲೋಚವು ಲೋಕದ ಕಟ್ಟುಗಳೆಲ್ಲವನ್ನೂ ಹರಿದ ಗುರುತು. ಆದರೂ ಶಿಲ್ಪಿಗಳು ಹೆಗಲ ಮೇಲೆ ಇಳಿಬಿದ್ದ ಜಟೆಗಳಿಂದಲೇ ಆದಿನಾಥನ ವಿಗ್ರಹವನ್ನು ಗುರುತಿಸುವಂತೆ ಮಾಡಿದರು. ಅತ್ತ ಶ್ರವಣಬೆಳಗೊಳದ ಗೊಮ್ಮಟನ ತಲೆಯಲ್ಲಿ ಒತ್ತಾದ ಸಣ್ಣ ಗುಂಗುರುಗಳಿವೆ. ವೈರಾಗ್ಯವೊಂದೇ, ಕೇಶವು ಬೇರೆ ಬೇರೆ. ಹಾಗಿರುವಲ್ಲಿ ಕೇಶದಿಂದ ನೇರವಾಗಿ ಅಂತರಂಗಕ್ಕೆ ದಾರಿಯುಂಟೆಂದು ಹೇಳುವುದೆಂತು? ಹನ್ನೆರಡನೆಯ ಶತಮಾನದ ವಚನಕಾರರು ಈ ಸಂದೇಹವನ್ನೇ ಮುಂದಕ್ಕೆ ಒಯ್ದರು. ಜಡೆಯಾಗಲಿ ಬೋಳಾಗಲಿ, ಒಳಗಿನ ನಡತೆಯಿಲ್ಲದೆ ಹೋದರೆ ಎರಡೂ ವೇಷವೇ ಎಂಬುದು ಅವರ ನಿಲುವು.

ರಾಜಸಭೆಯು ತಲೆಯನ್ನು ಕಟ್ಟಿದ ಬಗೆ ಬೇರೆ. ಸಿರಿಗೇರಿಗೆ ದೂರವಲ್ಲದ ವಿಜಯನಗರದ ಆಸ್ಥಾನದಲ್ಲಿ ‘ಕುಳ್ಳಾಯಿ’ ಎಂಬ ನೀಳವಾದ ಟೊಪ್ಪಿಗೆ ಸಭಾಯೋಗ್ಯವಾದ ಉಡುಪಾಗಿತ್ತು. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲೂ ಅದಿದೆ. ಹೆಸರು ಪಾರಸಿಯ ‘ಕುಲಾಹ್’ನಿಂದ ಬಂದುದು. ಪ್ರೌಢದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿ ಪ್ರಚಲಿತವಾಗಿರುವ ಚಾಟುಪದ್ಯವೊಂದು, ಕನ್ನಡ ರಾಜ್ಯಲಕ್ಷ್ಮಿಯ ಎದುರಿನಲ್ಲಿ ತಾನು ಕುಳ್ಳಾಯಿಯನ್ನು ಇಟ್ಟುಕೊಳ್ಳಬೇಕಾಯಿತೆಂಬ ಇಕ್ಕಟ್ಟನ್ನು ಹೇಳಿಕೊಳ್ಳುತ್ತದೆ. ಆ ಟೊಪ್ಪಿಗೆಯಿಂದ ಕವಿಯ ಶೀಲವು ತಿಳಿಯದು. ಅವನು ನಿಂತ ಬಾಗಿಲು ಯಾವುದೆಂಬುದು ತಿಳಿಯುತ್ತದೆ.

ಇಲ್ಲೊಂದು ಆಕ್ಷೇಪ ಬರಬಹುದು. ಶೋಕಿಯೆಂಬುದು ಇಲ್ಲವೇ? ಕೂದಲು ತೀಡಿಕೊಳ್ಳುವುದರಲ್ಲಿ ಒಬ್ಬೊಬ್ಬನ ಅಭಿರುಚಿ ತೋರುವುದಿಲ್ಲವೇ? ಖಂಡಿತವಾಗಿಯೂ ತೋರುವುದು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯು ಶೋಕಿಯನ್ನು ಚೆನ್ನಾಗಿ ಬಲ್ಲದು. ಆದರೆ ಆ ಗಾದೆಯ ತಕ್ಕಡಿಯನ್ನು ಗಮನಿಸಬೇಕು. ಹೂವನ್ನು ಅದು ಒಂಟಿಯಾಗಿ ತೂಗುವುದಿಲ್ಲ. ಇನ್ನೊಂದು ತಟ್ಟೆಯಲ್ಲಿ ಹಿಟ್ಟನ್ನಿಟ್ಟು ತೂಗುತ್ತದೆ. ಅಂತೆಯೇ ‘ಜುಟ್ಟು ಕೈಗೆ ಸಿಕ್ಕಿತು’ ಎಂಬ ನುಡಿಗಟ್ಟು ಜುಟ್ಟಿನವನಿಗಿಂತ ಅದನ್ನು ಹಿಡಿದವನ ವಿಚಾರವನ್ನೇ ಹೆಚ್ಚಾಗಿ ಹೇಳುತ್ತದೆ.

ಕೇಶವನ್ನು ವ್ಯಕ್ತಿತ್ವದ ಕನ್ನಡಿಯೆನ್ನುವವರು ಮರೆಯುವ ಮುಖ್ಯ ಸಂಗತಿಯೊಂದುಂಟು: ತನ್ನ ತಲೆಯ ಮೇಲೆ ತನಗೇ ಅಧಿಕಾರವಿಲ್ಲದವರ ಸ್ಥಿತಿ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯಲ್ಲಿ ವಿಧವೆಯ ಬೋಳುತಲೆಯು ಆಕೆಯ ಸ್ವಭಾವದಿಂದ ಬಂದುದಲ್ಲ, ಮನೆತನದ ಮತ್ತು ಜಾತಿಯ ವಿಧಿಯಿಂದ ಬಂದುದು. ಗಂಡಸರಲ್ಲಿಯೂ ಇಂತಹವರಿದ್ದಾರೆ. ಅಸ್ಪೃಶ್ಯರೆನಿಸಿದವರಿಗೆ ಹಳ್ಳಿಗಳಲ್ಲಿ ಕ್ಷೌರವನ್ನೇ ನಿರಾಕರಿಸುವ ರೂಢಿಯಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು, ಎಂದರೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾನೂನೆಂದು ಕರೆಯಲ್ಪಡುವುದು, ಇಂತಹ ಸೇವಾನಿರಾಕರಣೆಯನ್ನು ದಂಡನೀಯವೆಂದು ವಿಧಿಸಿದ ಮೇಲೆಯೂ ಆ ರೂಢಿಯು ಪೂರ್ತಿಯಾಗಿ ಅಳಿಯಲಿಲ್ಲ. ಅಂತಹವನ ಕೆದರಿದ ತಲೆಯನ್ನು ಕಂಡು ಒರಟನೆಂದು ತೀರ್ಪು ಕೊಡುವ ಓದುಗನು ಊರಿನ ತಪ್ಪನ್ನು ಅವನ ಗುಣವೆಂದು ಬರೆದುಕೊಂಡಂತಾಯಿತು.

ಆದುದರಿಂದ ಪಾತ್ರಗಳ ಕೇಶವರ್ಣನೆಯನ್ನು ವಿಮರ್ಶಕನು ಕಡೆಗಣಿಸಬೇಕಾಗಿಲ್ಲ. ಓದುವ ಕ್ರಮವನ್ನು ಮಾತ್ರ ತಿದ್ದಿಕೊಳ್ಳಬೇಕು. ಕಟ್ಟಿದವರಾರು, ಕತ್ತರಿಸಿದವರಾರು, ಯಾವ ಪಣಕ್ಕಾಗಿ, ಯಾರ ಸಭೆಗಾಗಿ ಎಂಬ ಪ್ರಶ್ನೆಗಳಿಗೆ ಮೊದಲು ಉತ್ತರ ದೊರೆಯಲಿ. ಅವಕ್ಕೆಲ್ಲ ಉತ್ತರ ದೊರೆತ ಬಳಿಕ ಉಳಿಯುವ ಅಂಶವು ವ್ಯಕ್ತಿಯದು. ಅದು ಅಲ್ಪವಾಗಿದ್ದರೂ ಅವನ ಸ್ವಂತದ್ದೆಂದು ನಂಬಿಕೆಯಿಂದ ಹೇಳಬಹುದು.