‘ಧರ್ಮಕಾರಣ’ ತೀರ್ಪು ಮತ್ತು ಓದುಗನ ಪ್ರಶ್ನೆ

ಕಲ್ಯಾಣದ ವಿಪ್ಲವದ ನಂತರ ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರು ತರೀಕೆರೆ ಸಮೀಪದ ಎಣ್ಣೆಹೊಳೆಗೆ ಬಂದು ಅಲ್ಲಿಯೇ ಲಿಂಗೈಕ್ಯರಾದರೆಂಬುದು ಪರಂಪರಾಗತ ನಂಬಿಕೆ. ಕಡೂರು, ಅಜ್ಜಂಪುರಗಳ ಭಕ್ತರಿಗೆ ಅವರು ಗ್ರಂಥಸ್ಥ ಪಾತ್ರವಲ್ಲ, ನೆರೆಯ ಗದ್ದುಗೆ. ಅವರ ಮಗ ಚೆನ್ನಬಸವಣ್ಣನವರ ಜನನದ ನಿರೂಪಣೆಯೇ ಕನ್ನಡ ಕಾದಂಬರಿಯೊಂದನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಕೊಂಡೊಯ್ದಿತು.

ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಅದನ್ನೇ 1997ರಲ್ಲಿ ರಾಜ್ಯ ಸರ್ಕಾರ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಪ್ರಕರಣದನ್ವಯ ಮುಟ್ಟುಗೋಲು ಹಾಕಿಕೊಂಡಿತು. ಒಂದೇ ಪ್ರಭುತ್ವದ ಎರಡು ಕೈಗಳ ಈ ವೈರುಧ್ಯ ಅಕಾಡೆಮಿಗಳು ಮರೆಯತಕ್ಕದ್ದಲ್ಲ. ಉಚ್ಚ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಬರಗೂರು ರಾಮಚಂದ್ರಪ್ಪ ಮತ್ತಿತರರ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 2007ರ ಮೇ 2ರಂದು ತಿರಸ್ಕರಿಸಿತು.

ತೀರ್ಪಿನ ತಿರುಳು ಇಷ್ಟು: ಮುಟ್ಟುಗೋಲು ಶಿಕ್ಷೆಯಲ್ಲ, ಮುನ್ನೆಚ್ಚರಿಕೆ, ಕೃತಿ ಅಪರಾಧಾತ್ಮಕವೆಂದು ಸರ್ಕಾರಕ್ಕೆ ಕಂಡುಬಂದರೆ ಸಾಕು, ಲೇಖಕನ ದುರುದ್ದೇಶವನ್ನು ಆ ಹಂತದಲ್ಲಿ ಸಾಬೀತುಪಡಿಸಬೇಕಿಲ್ಲ. ಪ್ರಕರಣದ ಪದಗಳನ್ನೇ ಹಿಡಿದರೆ ಇದು ಸಮರ್ಥನೀಯ. ಆದರೆ ದಂಡ ಸಂಹಿತೆಯ 295ಎ ಪ್ರಕರಣ ಸಂವಿಧಾನದ 19ನೆಯ ಅನುಚ್ಛೇದದ ಎದುರು ಉಳಿದದ್ದು ಯಾವ ಬಲದಿಂದ? 1957ರ ರಾಮ್‌ಜಿ ಲಾಲ್ ಮೋದಿ ತೀರ್ಪಿನಂತೆ, ಅದು ಉದ್ದೇಶಪೂರ್ವಕವೂ ದ್ವೇಷಯುಕ್ತವೂ ಆದ ಅವಮಾನವನ್ನಷ್ಟೇ ದಂಡಿಸುತ್ತದೆ ಎಂಬ ಬಲದಿಂದ. ಉದ್ದೇಶದ ಷರತ್ತನ್ನು ಕಳಚಿಟ್ಟು ಅದೇ ಪ್ರಕರಣದ ಆಧಾರದ ಮೇಲೆ ಪುಸ್ತಕವನ್ನು ಹಿಡಿದಿಡುವುದೆಂದರೆ, ಗೋಡೆಯನ್ನು ಉಳಿಸಿಕೊಂಡು ಬುನಾದಿಯನ್ನು ಕಿತ್ತಂತೆ.

ಇನ್ನೊಂದು ಲೋಪ ಓದುಗನಿಗೆ ಸಂಬಂಧಿಸಿದ್ದು. ‘ತಮಸ್’ ಧಾರಾವಾಹಿಯ 1988ರ ಪ್ರಕರಣದಲ್ಲಿ ಇದೇ ನ್ಯಾಯಾಲಯ ವಿವೇಕಿಯೂ ದೃಢಚಿತ್ತನೂ ಆದವನ ದೃಷ್ಟಿಯನ್ನು ಅಳತೆಗೋಲಾಗಿಸಿತ್ತು; 1989ರ ರಂಗರಾಜನ್ ಪ್ರಕರಣದಲ್ಲಿ ಮಾತಿಗೂ ಅಪಾಯಕ್ಕೂ ಮದ್ದಿನಪೀಪಾಯಿಗೆ ಬಿದ್ದ ಕಿಡಿಯಷ್ಟು ಸಾಮೀಪ್ಯ ಬೇಕೆಂದಿತ್ತು. ‘ಧರ್ಮಕಾರಣ’ದ ವಿಚಾರದಲ್ಲಿ ಈ ಓದುಗನ ಸ್ಥಾನಕ್ಕೆ ನೊಂದ ಭಕ್ತನು ಬಂದ. ಭಕ್ತನ ನೋವು ಸುಳ್ಳಲ್ಲ. ಆದರೆ ಚೆನ್ನಬಸವಣ್ಣನವರು ಪ್ರಸಾದದಿಂದ ಜನಿಸಿದರೆಂಬ ಪುರಾಣವನ್ನೂ ಅವರ ತಂದೆ ಶಿವಸ್ವಾಮಿ ಎಂಬ ಕಥನವನ್ನೂ ಒಟ್ಟಿಗೆ ಉಳಿಸಿಕೊಂಡು ಬಂದ ಸಮುದಾಯ ಭಿನ್ನ ಕಥನವನ್ನು ತಾಳಲಾರದೆಂದು ಮೊದಲೇ ನಿರ್ಣಯಿಸುವುದು ಆ ಸಮುದಾಯಕ್ಕೇ ಮಾಡಿದ ಅನ್ಯಾಯ. ಎಣ್ಣೆಹೊಳೆಗೆ ನಡೆದುಕೊಳ್ಳುವವನೂ ಕಾದಂಬರಿಯ ಸಹೃದಯನೂ ಒಬ್ಬನೇ ಆಗಿರಬಹುದು.

2010ರಲ್ಲಿ, ಶಿವಾಜಿಯನ್ನು ಕುರಿತ ಪುಸ್ತಕದ ಪ್ರಕರಣದಲ್ಲಿ, ನ್ಯಾಯಾಲಯ ಮುಟ್ಟುಗೋಲು ಆದೇಶದ ರದ್ದತಿಯನ್ನು ಒಪ್ಪಿತು. 95ನೆಯ ಪ್ರಕರಣದ ಅಧಿಕಾರವು 2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಪ್ರಕರಣದಲ್ಲಿ ಮುಂದುವರಿದಿದೆ. ಮುಟ್ಟುಗೋಲಾದ ಪ್ರತಿಯನ್ನು ದೇಶದ ಯಾವ ಮೂಲೆಯಲ್ಲಿಯಾದರೂ ಪೊಲೀಸರು ವಶಪಡಿಸಿಕೊಳ್ಳಬಹುದು. ಕಡೂರಿನ ಗ್ರಂಥಾಲಯವೂ ಇದಕ್ಕೆ ಹೊರತಲ್ಲ. ಹೀಗಾಗಿ ಈ ತೀರ್ಪನ್ನು ವಿಮರ್ಶಿಸುವವನು ಓದುಗನ ಮುಂದೆ ತೀರ್ಪನ್ನು ಮಾತ್ರ ಇಡಬಲ್ಲ, ಕೃತಿಯನ್ನಲ್ಲ.