ಮೂಡಿಗೆರೆಯ ಎರಡು ವಿರಹ

ಲೇಖಕ ಪೂರ್ಣಚಂದ್ರ ತೇಜಸ್ವಿ 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೀರಿಕೊಂಡಾಗ ಅವರಿಗೆ 68. ಆಮೇಲೆ ಅವರ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಗಾಳ, ಕ್ಯಾಮೆರಾ, ಸ್ಕೂಟರ್, ಸಿಡುಕು ಎಲ್ಲವೂ ದಂತಕತೆಯಾದವು. ಆ ರಾಶಿಯಲ್ಲಿ ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು ಅವರ ಪತ್ನಿ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನು. ಅದೂ ಮುಖ್ಯವಾಗಿ ಮದುವೆಗೆ ಮುಂಚೆ ತೇಜಸ್ವಿ ಅವರಿಗೆ ಬರೆದ ಪತ್ರಗಳಿಗಾಗಿ.

ಮೈಸೂರಿನಲ್ಲಿ ಓದುವಾಗ ಪರಿಚಯವಾದವರು ಇವರಿಬ್ಬರು. ತೇಜಸ್ವಿ ತೋಟ ಮಾಡುತ್ತೇನೆಂದು ಮೂಡಿಗೆರೆ ಕಡೆ ಬಂದರು. ನಡುವೆ ಘಟ್ಟದ ರಸ್ತೆ, ಮಳೆ, ಅಂಚೆಯವನ ಮರ್ಜಿ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಬರೆದು ಕಾಗದವೊಂದು ಮಲೆನಾಡಿನ ಊರನ್ನು ಹೇಗೆ ಕಲಕುತ್ತದೆಂದು ತೋರಿಸಿ ನಗಿಸಿದ ಲೇಖಕ, ಅದಕ್ಕೂ ಮುಂಚೆ ಕಾಗದಕ್ಕೆ ಕಾದು ಕೂತ ಹುಡುಗನೂ ಆಗಿದ್ದ. ಆಗ ಅಗಲಿಕೆ ಅವನದು. 1966ರಲ್ಲಿ, ತಂದೆ ಕುವೆಂಪು ರೂಪಿಸಿದ ಸರಳ ಮದುವೆಯ ವಿಧಿ ಮಂತ್ರಮಾಂಗಲ್ಯದೊಂದಿಗೆ ಅದು ಮುಗಿಯಿತು. ನಲವತ್ತು ವರ್ಷದ ಮೇಲೆ ಕಾಯುವ ಸರದಿ ಅವಳದಾಯಿತು, ಈ ಸಲ ಅಂಚೆಯೇ ಇಲ್ಲ. ಬದುಕಿದ್ದವನ ಹಂಬಲವನ್ನು ಅವನಿಲ್ಲದ ಹೊತ್ತಿನಲ್ಲಿ ನಾವು ಓದುತ್ತೇವೆ. ಪುಸ್ತಕದ ನಿಜವಾದ ಕಸುವು ಇಲ್ಲಿದೆ. ಶೋಕದ ವಾಕ್ಯ ಎಷ್ಟು ಬರೆದರೂ ಇದು ದಕ್ಕುತ್ತಿರಲಿಲ್ಲ.

ಕಾಫಿ ತೋಟದಲ್ಲಿ ದುಃಖಕ್ಕೆ ರಜೆಯೂ ಇಲ್ಲವೆನ್ನಿ. ಏಪ್ರಿಲ್ ಮೊದಲ ವಾರವೆಂದರೆ ಬ್ಲಾಸಂ ಮಳೆಗೆ ಅರಳಿದ ಹೂ ಉದುರಿ, ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಬಂತೇ ಇಲ್ಲವೇ ಎಂದು ಎಲ್ಲರೂ ಮೋಡ ನೋಡುವ ಕಾಲ. ಯಜಮಾನ ಹೋದರೂ ವಾರದ ಬಟವಾಡೆ ನಿಲ್ಲುವಂತಿಲ್ಲ. ರಾಜೇಶ್ವರಿಯವರ ಗದ್ಯಕ್ಕೆ ಈ ತೋಟದ ಮನೆಯ ಚುರುಕಿದೆ. ಅಳು ಬಂದಲ್ಲಿ ಒಂದು ಕೆಲಸದ ನೆನಪು, ಒಂದು ಜಗಳ, ಒಂದು ನಗೆ. ಕುವೆಂಪು ತೀರಿದ ಎರಡು ವರ್ಷಕ್ಕೆ, 1996ರಲ್ಲಿ, ‘ಅಣ್ಣನ ನೆನಪು’ ಬರೆದ ತೇಜಸ್ವಿಯೂ ಹೀಗೇ ತುಂಟತನದ ಹಿಂದೆ ದುಃಖವನ್ನು ಅಡಗಿಸಿದ್ದರು. ಆ ಮನೆಯ ರೂಢಿ ಇದ್ದೀತು.

ಆದರೆ ತಕರಾರೂ ಇದೆ. ತತ್ವಶಾಸ್ತ್ರ ಓದಿದ ಹೆಣ್ಣುಮಗಳಿಗೆ ಆ ಕಾಡು ಮೂಲೆಯ ಬದುಕು ಏನನ್ನು ಕೊಟ್ಟಿತು, ಏನನ್ನು ಕಿತ್ತುಕೊಂಡಿತು ಎಂಬಲ್ಲಿ ಪುಸ್ತಕ ಸಾಕಷ್ಟು ನಿಲ್ಲುವುದಿಲ್ಲ. ತೇಜಸ್ವಿ ಬಾಗಿಲಲ್ಲಿ ಕಂಡ ಕೂಡಲೇ ರಾಜೇಶ್ವರಿ ಪಕ್ಕಕ್ಕೆ ಸರಿದುಬಿಡುತ್ತಾರೆ. ಇಂದಿರಾ ಲಂಕೇಶ್ ‘ಹುಳಿ ಮಾವು ಮತ್ತು ನಾನು’ ಬರೆದಾಗ ಗಂಡ, ಲೇಖಕ ಪಿ. ಲಂಕೇಶರನ್ನು ಲೆಕ್ಕಕ್ಕೆ ಕರೆದರು. ಪ್ರೀತಿಯ ಜತೆಗೇ ಕೇಳಬೇಕಾದ್ದನ್ನು ಕೇಳಿದರು. ಇಲ್ಲಿ ಅಂಥ ಕೇಳುವಿಕೆ ಕಡಿಮೆ, ಅಭಿಮಾನಿಗಳಿಗೆ ಇಷ್ಟವಾಗುವ ವಿವರ ಜಾಸ್ತಿ. ಸಂಪಾದಕರೊಬ್ಬರು ಕತ್ತರಿ ಹಿಡಿದು ಕೂತಿದ್ದರೆ ಪುಸ್ತಕ ಬಿಗಿಯಾಗುತ್ತಿತ್ತು, ಪತ್ರಗಳ ತಂಟೆಗೆ ಮಾತ್ರ ಹೋಗದಿದ್ದರೆ ಸರಿ.